ಹೋದ ವರ್ಷದ ಡ್ರ್ಯಾಗನ್

ಮಕ್ಕಳು ಬೆಳೆಯುತ್ತಾರೆ ಎನ್ನುವ ಸಣ್ಣ ವಿಷಯವೊಂದನ್ನು ಹಾರ್ಲನ್ ಟಟಲ್ ಮರೆತುಬಿಟ್ಟಿದ್ದ. ಅದೊಂದನ್ನು ಬಿಟ್ಟರೆ ಅವನ ಯೋಜನೆಯಲ್ಲಿ ಯಾವ ಲೋಪವೂ ಇರಲಿಲ್ಲ.

ಮಕ್ಕಳು ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳಲು ಹೋಗುವ ಹ್ಯಾಲೋವೀನ್ ಹಬ್ಬ ಮುಗಿದ ಮರುದಿನ ವೇಷದ ಅಂಗಡಿಯಲ್ಲಿ ಬೆಲೆಗಳು ಧಡಾರನೆ ಬೀಳುತ್ತವೆ. ಹಿಂದಿನ ದಿನದವರೆಗೂ ಮುಟ್ಟಿದರೆ ಕೈ ಸುಡುವಂತಿದ್ದ ಉಡುಪು ಕಾಲು ಬೆಲೆಗೆ ಬಂದು ಕೂರುತ್ತದೆ. ಹೋದ ವರ್ಷ ಹಾರ್ಲನ್ ಆ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಿದ್ದ. ಮಗಳು ಜೂನಿಗೆ ಬೆಳ್ಳಗಿನ ಗಗನಯಾತ್ರಿಯ ಉಡುಪು, ಮಗ ಓಟಿಸ್‌ಗೆ ಬಾಲವಿರುವ ಹಸಿರು ಡ್ರ್ಯಾಗನ್. ಎರಡನ್ನೂ ಕೊಂಡು ತಂದು, ಯಾರೂ ಹಾರಿಸಿಕೊಂಡು ಹೋಗಬಾರದೆಂದು ಕೊರಳಪಟ್ಟಿಯ ಒಳಗೆ ದಪ್ಪ ಮಸಿಯಲ್ಲಿ ಮಕ್ಕಳ ಹೆಸರು ಬರೆದು, ಗ್ಯಾರೇಜಿನಲ್ಲಿ ಹಿಮ ಎತ್ತುವ ಸಲಿಕೆಯ ಹಿಂದೆ ಬಚ್ಚಿಟ್ಟಿದ್ದ. ಬಚ್ಚಿಟ್ಟದ್ದು ಉಡುಪನ್ನು ಮಾತ್ರ. ವಿಷಯವನ್ನು ಊರಿಗೆಲ್ಲ ಡಂಗುರ ಸಾರಿದ್ದ.

ಹಾರ್ಲನ್ ಶಾಲೆಯ ಬಸ್ಸು ಓಡಿಸುತ್ತಿದ್ದ. ಬಸ್ ಡಿಪೋದಲ್ಲಿ ಕಾಫಿ ಕುಡಿಯಲು ಕೂತಾಗಲೆಲ್ಲ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಗ್ಯಾರೇಜಿನ ಸಲಿಕೆಯ ಹಿಂದಕ್ಕೇ ಬಂದು ನಿಲ್ಲುತ್ತಿತ್ತು. "ಪೂರ್ತಿ ದುಡ್ಡು ಕೊಟ್ಟು ವೇಷ ಕೊಳ್ಳೋರನ್ನ ಕಂಡ್ರೆ ನಂಗೆ ಪಾಪ ಅನ್ಸುತ್ತೆ" ಎನ್ನುತ್ತಿದ್ದ. ಪ್ರತಿವರ್ಷ ಪೂರ್ತಿ ದುಡ್ಡು ಕೊಡುತ್ತಿದ್ದ ಇನ್ನೊಬ್ಬ ಚಾಲಕ ಡೆಲ್ಬರ್ಟ್ ಈ ಪಾಪದ ಮಾತನ್ನು ಈಸ್ಟರ್ ಹಬ್ಬದಲ್ಲಿ ಕೇಳಿದ್ದ, ಜುಲೈನ ಸ್ವಾತಂತ್ರ್ಯ ದಿನದ ಪಟಾಕಿಯ ನಡುವೆ ಕೇಳಿದ್ದ, ತನ್ನ ಸ್ವಂತ ಮಾವನ ಶವಸಂಸ್ಕಾರದಲ್ಲೂ ಕೇಳಿದ್ದ.

ಹೆಂಡತಿ ರೋಸಲಿನ್ ಬೇಸಿಗೆಯಲ್ಲಿ ಒಮ್ಮೆ, "ಒಂದ್ಸಲ ಹಾಕಿಸಿ ನೋಡಬಾರ್ದಾ ಹಾರ್ಲನ್?" ಎಂದು ಕೇಳಿದ್ದಳು.

"ಈಗಲೇ ಹಾಕಿಸಿದ್ರೆ ಅವತ್ತಿಗೆ ಏನು ಮಜಾ ಇರುತ್ತೆ?" ಎಂದಿದ್ದ ಹಾರ್ಲನ್. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ರೋಸಲಿನ್‌ಗೆ ಹಟ ಮಾಡುವವರ ಜೊತೆ ವಾದಿಸಬಾರದೆಂದು ಗೊತ್ತಿತ್ತು.

ಹೀಗೆ ಹ್ಯಾಲೋವೀನ್ ದಿನ ಬೆಳಗಾಯಿತು. ರೋಸಲಿನ್ ಕೆಲಸಕ್ಕೆ ಹೋಗಿಯಾಗಿತ್ತು. ಸಂಜೆ ನೇರವಾಗಿ ಫೈರ್ ಸ್ಟೇಷನ್ ಹಾಲಿಗೆ ಬರುತ್ತೇನೆ, ವೇಷದ ಸ್ಪರ್ಧೆ ಅಲ್ಲೇ ನೋಡುತ್ತೇನೆ ಎಂದಿದ್ದಳು. ಹಾರ್ಲನ್ ಗ್ಯಾರೇಜಿನಿಂದ ಅಡುಗೆಮನೆಗೆ ಉಡುಪಿನ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ತಂದ. ಮಕ್ಕಳು ಹಾಲಿನ ಬಟ್ಟಲು ಬಿಟ್ಟು ಓಡಿಬಂದರು.

ಜೂನಿಯ ಪ್ಯಾಂಟು ಮೊಣಕಾಲಿಗೆ ಬಂದು ನಿಂತಿತು. ಮುಂದಿನ ಜಿಪ್ಪು ಪಕ್ಕೆಲುಬಿನ ತನಕ ಏರಿ, ಇನ್ನು ನನ್ನ ಕೈಲಾಗದು ಎಂದು ಕೂತಿತು. ಓಟಿಸ್‌ನ ತಲೆ ಡ್ರ್ಯಾಗನ್ನಿನ ಟೊಪ್ಪಿಯೊಳಗೆ ಹೇಗೋ ತೂರಿತು, ಆದರೆ ಹೊರಗೆ ಬರಲಿಲ್ಲ. ಹಾರ್ಲನ್ ಎಳೆದ, ಜೂನಿ ಎಳೆದಳು, ಓಟಿಸ್ ಒಳಗಿನಿಂದ ಅರಚಿದ. ಕೊನೆಗೆ ಕಿವಿಗಳಿಗೆ ಬೆಣ್ಣೆ ಸವರಿ ಎಳೆದ ಮೇಲೆ ಪಳಕ್ಕನೆ ಹೊರಬಂತು.

"ಅಪ್ಪಾ, ಇದು ಚಿಕ್ಕದು" ಎಂದಳು ಜೂನಿ.

"ಚಿಕ್ಕದಲ್ಲಮ್ಮ. ನೀವು ಸ್ವಲ್ಪ ಅವಸರ ಮಾಡಿ ಬೆಳೆದುಬಿಟ್ರಿ."

ಜೂನಿ ನಗಲಿಲ್ಲ. ಹೋದ ವರ್ಷ ಇಬ್ಬರೂ ಹಳೆಯ ಹಾಸಿಗೆ ಬಟ್ಟೆಗೆ ಎರಡು ತೂತು ಮಾಡಿಕೊಂಡು ದೆವ್ವಗಳಾಗಿ ಹೋಗಿದ್ದರು. ಹಾಸಿಗೆ ಬಟ್ಟೆಯಲ್ಲಿ ಹೂವಿನ ಚಿತ್ತಾರವಿತ್ತು. ಶಾಲೆಯ ಹುಡುಗರು ತಿಂಗಳುಗಟ್ಟಲೆ ಅವಳನ್ನು ದಿಂಬಿನ ದೆವ್ವ ಎಂದು ಕರೆದಿದ್ದರು. ಅದಕ್ಕೇ ಈ ಸಲ ಅವಳು ಮೊದಲೇ ಎಲ್ಲರಿಗೂ ಹೇಳಿಕೊಂಡಿದ್ದಳು.

"ಕ್ಲಾಸಲ್ಲಿ ಎಲ್ಲರಿಗೂ ಹೇಳಿದೀನಿ, ನಾನು ಗಗನಯಾತ್ರಿ ಆಗ್ತೀನಿ ಅಂತ. ಅಪ್ಪ ಮಾತು ಕೊಟ್ಟಿದಾನೆ ಅಂತಾನೂ ಹೇಳಿದೀನಿ."

ಹಾರ್ಲನ್ ಮಗಳ ಮುಂದೆ ಮೊಣಕಾಲೂರಿ ಕೂತ. "ಸಂಜೆ ಹೊತ್ತಿಗೆ ನೀನು ಗಗನಯಾತ್ರಿ. ಇವನು ಡ್ರ್ಯಾಗನ್. ಅಪ್ಪನ ಮಾತು. ಅಮ್ಮನಿಗೆ ಮಾತ್ರ ಏನೂ ಹೇಳ್ಬೇಡಿ."

ಓಟಿಸ್ ಬೆಣ್ಣೆಯ ಕಿವಿ ಒರೆಸಿಕೊಳ್ಳುತ್ತ ತಲೆಯಾಡಿಸಿದ. ಐದು ವರ್ಷದ ಹುಡುಗ ಗುಟ್ಟು ಕಾಪಾಡುತ್ತೇನೆಂದು ತಲೆಯಾಡಿಸಿದರೆ ನಂಬುವವರು ಈ ಜಗತ್ತಿನಲ್ಲಿ ತೀರ ಕಡಿಮೆ. ಹಾರ್ಲನ್ ಅವರಲ್ಲೊಬ್ಬ.

ಬಸ್ಸಿನಲ್ಲಿ ಮಕ್ಕಳನ್ನೆಲ್ಲ ಶಾಲೆಗೆ ಬಿಟ್ಟು ಡಿಪೋಗೆ ಬಂದರೆ ಡೆಲ್ಬರ್ಟ್ ಕಾಫಿ ಹಿಡಿದು ಕಾಯುತ್ತಲೇ ಇದ್ದ.

"ಏನು ಗುರೂ, ಇವತ್ತು ನಿಧಿ ಹೊರಗೆ ತೆಗೆಯೋ ದಿನ ಅಲ್ವಾ? ಹೇಗಿದೆ?"

"ಹೇಳಿ ಮಾಡಿಸಿದ ಹಾಗಿದೆ" ಎಂದ ಹಾರ್ಲನ್.

"ನಮ್ಮ ಮೂರೂ ಮಕ್ಕಳಿಗೆ ಕೊಂಡು ಈ ಸಲಾನೂ ಜೇಬು ಖಾಲಿ ನೋಡು. ಸಂಜೆ ನಿನ್ನ ಮಕ್ಕಳನ್ನ ನೋಡಿ ಹೊಟ್ಟೆ ಉರಿಸ್ಕೋತೀನಿ ಬಿಡು."

ಆ ಮಾತಿನಲ್ಲಿ ಕುಹಕವಿರಲಿಲ್ಲ. ಅದೇ ಹಾರ್ಲನ್‌ಗೆ ಇನ್ನಷ್ಟು ಸಂಕಟ ತಂದಿತು. ಮಧ್ಯಾಹ್ನ ಮತ್ತೆ ಬಸ್ಸು ಹೊರಡುವ ತನಕ ಅವನಿಗೆ ಬಿಡುವಿತ್ತು. ಚೀಲವನ್ನು ಕಾರಿಗೆ ಹಾಕಿಕೊಂಡು ಹೊರಟ.

ವೇಷದ ಅಂಗಡಿ ಇದ್ದದ್ದು ಮುಚ್ಚಿಹೋದ ಚಪ್ಪಲಿ ಅಂಗಡಿಯ ಜಾಗದಲ್ಲಿ. ವರ್ಷಕ್ಕೆ ಎರಡೇ ತಿಂಗಳು ತೆರೆದಿರುತ್ತಿತ್ತು. ಆ ಹೊತ್ತಿಗಾಗಲೇ ಊರಿನವರು ಅದನ್ನು ಗುಡಿಸಿ ಸಾರಿಸಿಬಿಟ್ಟಿದ್ದರು. ಉಳಿದಿದ್ದವು ಒಂದೇ ರೆಕ್ಕೆಯ ಚಿಟ್ಟೆ, ಆರಡಿ ಆಳು ತೂರಿಕೊಳ್ಳುವಂಥ ಸಾಸೇಜಿನ ಉಡುಪು, ಬುಟ್ಟಿ ತುಂಬ ರಬ್ಬರಿನ ಕಡಿದ ಕೈಗಳು. ಮೇಲೆ ಗೋಡೆಯಲ್ಲಿ ಒಂದೇ ಒಂದು ಗಗನಯಾತ್ರಿ ನೇತಾಡುತ್ತಿದ್ದ. ಜೂನಿಗೆ ಸರಿಯಾಗುವ ಅಳತೆ. ಹಾರ್ಲನ್ ಚೀಟಿ ತಿರುಗಿಸಿ ಬೆಲೆ ನೋಡಿದ. ಆ ದುಡ್ಡಿನಲ್ಲಿ ಮನೆಮಂದಿಯೆಲ್ಲ ವಾರವಿಡೀ ಊಟ ಮಾಡಬಹುದಿತ್ತು. ತಲೆಗೆ ಹಾಕುವ ದುಂಡನೆಯ ಶಿರಸ್ತ್ರಾಣಕ್ಕೆ ಬೇರೆ ದುಡ್ಡು.

ಗಲ್ಲಾದಲ್ಲಿ ಒಬ್ಬಳು ಹುಡುಗಿ ಚೂಯಿಂಗ್ ಗಮ್ ಅಗಿಯುತ್ತ ಕೂತಿದ್ದಳು.

"ಇದು ನಾಳೆ ಎಷ್ಟಾಗುತ್ತಮ್ಮ?"

"ನಾಳೆ ಕಾಲು ಬೆಲೆ ಸಾರ್."

"ನೋಡಮ್ಮ, ಇವತ್ತಿಗೂ ನಾಳೆಗೂ ಒಂದು ರಾತ್ರಿ ಅಷ್ಟೇ ವ್ಯತ್ಯಾಸ. ನಾಳೆ ಬೆಲೆಗೇ ಕೊಟ್ಬಿಡು."

ಹುಡುಗಿ ಅಗಿಯುವುದನ್ನು ನಿಲ್ಲಿಸಿ ಯೋಚಿಸಿದಳು. "ಹಾಗಾದ್ರೆ ಹ್ಯಾಲೋವೀನನ್ನ ನಾಳೆ ಮಾಡ್ಕೊಳ್ಳಿ ಸಾರ್."

ಹಾರ್ಲನ್ ಅಂಗಡಿಯಿಂದ ಹೊರಬಂದ. ಕೊಡಲು ಅಷ್ಟು ದುಡ್ಡಿರಲಿಲ್ಲ ಎನ್ನುವುದು ಒಂದು. ಇದ್ದಿದ್ದರೂ, ವರ್ಷವಿಡೀ ಆಡಿದ ಮಾತನ್ನು ತಾನೇ ನುಂಗಬೇಕಾಗುತ್ತಿತ್ತು ಎನ್ನುವುದು ಇನ್ನೊಂದು.

ಆಗ ಅವನಿಗೆ ಚರ್ಚಿನ ಮೇಜು ನೆನಪಾಯಿತು. ಪ್ರತಿವರ್ಷ ಅಕ್ಟೋಬರಿನಲ್ಲಿ ಚರ್ಚಿನ ಹಿಂದಿನ ಕೋಣೆಯಲ್ಲಿ ಮಹಿಳಾ ಮಂಡಳಿಯವರು ಉದ್ದನೆಯ ಮೇಜು ಹಾಕುತ್ತಿದ್ದರು. ಮಕ್ಕಳಿಗೆ ಚಿಕ್ಕದಾದ ವೇಷವನ್ನು ಅಲ್ಲಿ ಇಡುವುದು, ಬೇಕಾದದ್ದನ್ನು ಎತ್ತಿಕೊಳ್ಳುವುದು. ಒಂದು ಇಟ್ಟರೆ ಒಂದು. ಬಿಡಿಗಾಸಿನ ಖರ್ಚಿಲ್ಲ. ಇಷ್ಟು ಹೊತ್ತು ಇದು ಹೊಳೆಯಲಿಲ್ಲವಲ್ಲ ಎಂದು ಹಾರ್ಲನ್ ತನ್ನ ಹಣೆಗೆ ತಾನೇ ಹೊಡೆದುಕೊಂಡ. ಕಾರು ನಿಲ್ಲಿಸಿ, ಒಳಗೆ ನುಗ್ಗಿ, ಚೀಲದಿಂದ ಎರಡೂ ಉಡುಪು ತೆಗೆದು ಮೇಜಿನ ಮೇಲೆ ಹರವಿದ. ಆಮೇಲೆ ಮೇಜಿನ ಮೇಲೆ ಬೇರೇನಿದೆ ಎಂದು ನೋಡಿದ.

ಒಂದು ಕೈಗೂಸಿನ ಕುಂಬಳಕಾಯಿ ಉಡುಪಿತ್ತು. ಒಂದು ಹಿಮಮಾನವನ ತಲೆ ಇತ್ತು, ಮೈ ಇರಲಿಲ್ಲ. ಒಂದು ಒಳಲಂಗವಿತ್ತು. ಅದು ಯಾರ ವೇಷ ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.

ಮೇಜಿನ ಹಿಂದೆ ಮಹಿಳಾ ಮಂಡಳಿಯ ಅಧ್ಯಕ್ಷೆ ಮಿಸೆಸ್ ಹ್ಯಾಚ್ ಹೆಣಿಗೆ ಹಾಕುತ್ತ ಕೂತಿದ್ದರು. ಊರಿನ ಅರ್ಧ ಜನಕ್ಕೆ ಭಾನುವಾರದ ಪಾಠ ಹೇಳಿಕೊಟ್ಟವರು. ಹಾರ್ಲನ್‌ನ ಕಿವಿಯನ್ನೂ ಒಂದು ಕಾಲದಲ್ಲಿ ಹಿಂಡಿದವರು.

"ಒಳ್ಳೇದು ತಂದಿದೀಯ ಹಾರ್ಲನ್. ಹೊಚ್ಚ ಹೊಸದು. ಈ ವರ್ಷ ಇಂಥದ್ದು ಬಂದೇ ಇರ್ಲಿಲ್ಲ."

"ಮೇಡಂ, ನಂಗೆ ಬೇಕಾದ್ದು ಇಲ್ಲಿ ಯಾವುದೂ ಇಲ್ಲ. ನಂದು ನಾನು ವಾಪಸ್ ತಗೊಂಡು ಹೋಗ್ತೀನಿ."

ಮಿಸೆಸ್ ಹ್ಯಾಚ್ ಹೆಣಿಗೆಯ ಕಡ್ಡಿಯನ್ನು ಡ್ರ್ಯಾಗನ್ನಿನ ಹೊಟ್ಟೆಯ ಮೇಲೆ ಊರಿದರು. "ಮೇಜಿನ ಮೇಲೆ ಇಟ್ಟದ್ದು ಚರ್ಚಿಗೆ ಸೇರಿತು. ವಾಪಸ್ ತಗೊಂಡ್ರೆ ಇಟ್ಟ ಲೆಕ್ಕ ಹೋಯ್ತು, ಅದೂ ತಗೊಂಡ ಲೆಕ್ಕವೇ. ಎರಡು ತಗೊಂಡ್ರೆ ಬೇರೆ ಎರಡು ಇಡಬೇಕು. ಇದೆಯಾ?"

"ಇದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ ಮೇಡಂ?"

"ಮತ್ತೆ? ನೋಡಿ ಇಡಬೇಕಿತ್ತು. ಚಿಕ್ಕವನಿದ್ದಾಗಿಂದ ನೀನು ಹೀಗೇ." ಆದರೆ ಅವರ ಮನಸ್ಸು ಕೆಟ್ಟದ್ದಲ್ಲ. ಅವನ ಮುಖ ನೋಡಿ ದನಿ ತಗ್ಗಿಸಿದರು. "ಯಾರಿಗೆ ಏನು ಬೇಕಿತ್ತು?"

ಹಾರ್ಲನ್ ಹೇಳಿದ. ದಿಂಬಿನ ದೆವ್ವದ ಕಥೆಯನ್ನೂ ಹೇಳಿದ.

"ಬಿಳೀ ಉಡುಪು ತಾನೇ? ಜೇನು ಸಾಕ್ತಾನಲ್ಲ, ಆ ಏಮಸ್ ಹತ್ರ ಹೋಗು. ಜೇನು ಬಿಡಿಸುವಾಗ ಹಾಕ್ಕೊಳ್ಳೋದು, ಕಾಲಿಂದ ಕುತ್ತಿಗೆ ತನಕ ಬಿಳೀದು, ತಲೆಗೆ ಬಲೆ ಇರೋ ಟೊಪ್ಪಿ. ಚಳಿಗೆ ಜೇನುಪೆಟ್ಟಿಗೆ ಮುಚ್ಚಿದಾನೆ, ಈಗ ಅದು ಕೊಟ್ಟಿಗೇಲಿ ಸುಮ್ನೆ ನೇತಾಡ್ತಿರುತ್ತೆ."

ಎರಡು ಉಡುಪು ಇಟ್ಟು ಒಂದು ಸಲಹೆ ಎತ್ತಿಕೊಂಡು ಹಾರ್ಲನ್ ಹೊರಬಂದ. ಹಿಂದಿನಿಂದ ಮಿಸೆಸ್ ಹ್ಯಾಚ್ ಡ್ರ್ಯಾಗನ್ನಿನ ಬಾಲವನ್ನು ಪ್ರೀತಿಯಿಂದ ನೇವರಿಸುತ್ತಿದ್ದರು.

ಶಾಲೆ ಬಿಟ್ಟ ಮೇಲೆ, ಬಸ್ಸನ್ನು ಡಿಪೋದಲ್ಲಿ ನಿಲ್ಲಿಸಿ, ಮಕ್ಕಳಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಊರಾಚೆಯ ಏಮಸ್ ತಾತನ ತೋಟಕ್ಕೆ ಹೋದ. ತಾತ ಉಡುಪು ಕೊಡಲು ಒಂದು ಮಾತಿಗೆ ಒಪ್ಪಿದ. ಆದರೆ ಅದಕ್ಕೆ ಮುಂಚೆ ರಾಣಿಜೇನು ಹೇಗಿರುತ್ತದೆ, ಗಂಡುಜೇನುಗಳು ಎಂಥ ಸೋಮಾರಿಗಳು, ಅವುಗಳನ್ನು ಚಳಿಗಾಲಕ್ಕೆ ಹೆಣ್ಣುಜೇನುಗಳು ಹೇಗೆ ಮನೆಯಿಂದ ಆಚೆ ಹಾಕುತ್ತವೆ ಎಂದು ಸಾವಕಾಶವಾಗಿ ವಿವರಿಸಿದ. ಹಾರ್ಲನ್ ಕೊನೆಯ ಭಾಗವನ್ನು ಕೊಂಚ ಕಳವಳದಿಂದಲೇ ಕೇಳಿದ.

ಉಡುಪು ಆರಡಿಯ ತಾತನದು. ಬೆಳಿಗ್ಗೆ ಗಿಡ್ಡ ಇದ್ದದ್ದು ಈಗ ಉದ್ದ ಆಯಿತು. ಜೂನಿಯ ಕೈ ಎಲ್ಲಿ ಮುಗಿದು ತೋಳು ಎಲ್ಲಿಂದ ಖಾಲಿಯಾಯಿತೆಂದು ಹುಡುಕಬೇಕಾಗಿತ್ತು. ಏಮಸ್ ತಾತ ಕೊಟ್ಟಿಗೆಯಿಂದ ಬೆಳ್ಳಿ ಬಣ್ಣದ ಅಂಟುಪಟ್ಟಿಯ ಸುರುಳಿ ತಂದ. ಈ ದೇಶದಲ್ಲಿ ಆ ಪಟ್ಟಿಯಿಂದ ಸರಿಯಾಗದ್ದು ಯಾವುದೂ ಇಲ್ಲ. ತೋಳು ಮಡಚಿ ಒಂದು ಸುತ್ತು, ಕಾಲು ಮಡಚಿ ಒಂದು ಸುತ್ತು, ಸೊಂಟಕ್ಕೆ ಅಗಲವಾಗಿ ಎರಡು ಸುತ್ತು. ತಲೆಗೆ ಬಲೆಯ ಟೊಪ್ಪಿ. ಬೆನ್ನಿಗೆ, ತಾತ ಜೇನುಹುಳುಗಳಿಗೆ ಹೊಗೆ ಹಾಕುತ್ತಿದ್ದ ಹಳೆಯ ತಗಡಿನ ಹೊಗೆಡಬ್ಬಿ.

ಜೂನಿ ಕಾರಿನ ಗಾಜಿನಲ್ಲಿ ತನ್ನನ್ನು ನೋಡಿಕೊಂಡಳು. ತುಂಬ ಹೊತ್ತು ನೋಡಿಕೊಂಡಳು.

"ಅಪ್ಪಾ, ಅಂಗಡೀದು ಬರೀ ವೇಷದ ತರ ಇತ್ತು" ಎಂದಳು. "ಇದು ನಿಜವಾದ್ದರ ತರ ಇದೆ."

ಹಾರ್ಲನ್‌ಗೆ ಕುಣಿಯಬೇಕೆನ್ನುವಷ್ಟು ಸಂತೋಷವಾಯಿತು. ಬಲೆಯ ಹಿಂದೆ ಮಗಳ ಹಲ್ಲು ಕಾಣುತ್ತಿತ್ತು.

"ನಾನು?" ಎಂದ ಓಟಿಸ್.

"ಮನೆಗೆ ಹೋಗಿ ನೋಡೋಣ ಬಾ" ಎಂದ ಹಾರ್ಲನ್.

"ಬರಿಗೈಲಿ ಹೋದ್ರೆ ನಂಗೆ ಬೇಜಾರಾಗುತ್ತೆ" ಎಂದು ಏಮಸ್ ತಾತ ದೊಡ್ಡ ಜಾಡಿಯ ತುಂಬ ಜೇನು ತಂದು ಓಟಿಸ್‌ನ ತೊಡೆಯ ಮೇಲೆ ಇಟ್ಟ. "ಗಟ್ಟಿಯಾಗಿ ಹಿಡ್ಕೋ ಮಗಾ."

ಮಗ ಗಟ್ಟಿಯಾಗಿಯೇ ಹಿಡಿದುಕೊಂಡ. ಆದರೆ ದಾರಿಯಲ್ಲಿ ಬೇಸರ ಕಳೆಯಲೆಂದು ಮುಚ್ಚಳ ತಿರುಗಿಸಿ ಬೆರಳಲ್ಲಿ ಸ್ವಲ್ಪ ಸ್ವಲ್ಪ ನೆಕ್ಕುತ್ತಿದ್ದ. ರೈಲು ಹಳಿ ದಾಟುವಾಗ ಕಾರು ಎಗರಿ ಬಿತ್ತು. ಜಾಡಿಯೂ ಎಗರಿತು.

"ಅಪ್ಪಾ" ಎಂದಳು ಜೂನಿ, "ಹಿಂದೆ ತಿರುಗಿ ನೋಡ್ಬೇಡ. ಮೊದಲು ಮನೆಗೆ ಹೋಗು."

ಮನೆಯ ಮುಂದೆ ಕಾರು ನಿಲ್ಲಿಸಿ ಹಿಂದಿನ ಬಾಗಿಲು ತೆಗೆದರೆ ಓಟಿಸ್ ಕೂದಲಿನಿಂದ ಕಾಲುಚೀಲದ ತನಕ ಮಿರಮಿರ ಮಿಂಚುತ್ತಿದ್ದ. ಗಲ್ಲದಿಂದ ಎಳೆ ಎಳೆಯಾಗಿ ಇಳಿಯುತ್ತಿದ್ದುದನ್ನು ನಾಲಿಗೆ ಚಾಚಿ ಹಿಡಿಯುತ್ತಿದ್ದ. ಹಾರ್ಲನ್ ಒರೆಸುವ ಬಟ್ಟೆ ಹಿಡಿದು ಮುಂದೆ ಬಂದ. ಸ್ನಾನದ ವಾಸನೆ ಬಡಿದ ಕೂಡಲೇ ಓಟಿಸ್ ಅಪ್ಪನ ಕೈ ಕೆಳಗೆ ನುಸುಳಿ ಓಡಿದ. ಹಿಡಿದರೂ ಜಾರುತ್ತಿದ್ದ. ನೇರವಾಗಿ ಪಕ್ಕದ ಮನೆಯ ಅಂಗಳಕ್ಕೆ ನುಗ್ಗಿದ.

ಪಕ್ಕದ ಮನೆಯ ಗ್ರೂಬರ್ ನಿವೃತ್ತ ಮನುಷ್ಯ. ಶರತ್ಕಾಲ ಬಂತೆಂದರೆ ಅವರಿಗೆ ಅಂಗಳದ ಎಲೆ ಬಿಟ್ಟು ಬೇರೆ ಲೋಕವಿರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಮೇಪಲ್ ಎಲೆಗಳನ್ನು ಬಾಚಿ ಬಾಚಿ, ರಸ್ತೆಯ ಅಂಚಿನಲ್ಲಿ ಸೊಂಟದೆತ್ತರದ ರಾಶಿ ಮಾಡಿ, ಸುತ್ತ ಅಂಚು ತಟ್ಟಿ ನಿಲ್ಲಿಸುತ್ತಿದ್ದರು. ಪುರಸಭೆಯ ಲಾರಿ ಬಂದು ಒಯ್ಯುವ ತನಕ ಅದರ ಹತ್ತಿರ ನಾಯಿ ಸುಳಿಯುವ ಹಾಗಿರಲಿಲ್ಲ, ಗಾಳಿ ಬೀಸುವ ಹಾಗಿರಲಿಲ್ಲ.

ಓಟಿಸ್ ತಲೆಕೆಳಗಾಗಿ ಆ ರಾಶಿಯೊಳಗೆ ಬಿದ್ದ.

"ನನ್ನ ರಾಶಿ" ಎಂದರು ಗ್ರೂಬರ್.

"ಕ್ಷಮಿಸಿ ಸಾರ್, ನಾನೇ ಮತ್ತೆ ಬಾಚಿ ಕೊಡ್ತೀನಿ" ಎನ್ನುತ್ತ ಹಾರ್ಲನ್ ಬೇಲಿ ದಾಟಿ ಬಂದ.

ರಾಶಿ ಅಲುಗಾಡಿತು. ಒಳಗೆ ಎರಡು ಹೊರಳು ಹೊರಳಿದ ಸದ್ದಾಯಿತು. ಆಮೇಲೆ ರಾಶಿಯೇ ಎದ್ದು ನಿಂತಿತು. ತಲೆಯಿಂದ ಕಾಲಿನ ತನಕ ಕೆಂಪು, ಕಿತ್ತಳೆ, ಹಳದಿ ಎಲೆಗಳು ಒಂದರ ಮೇಲೊಂದು ಹೊರೆಯಾಗಿ ಅಂಟಿಕೊಂಡು, ಮೀನಿನ ಹುರುಪೆಯ ಹಾಗೆ ಸಾಲುಗಟ್ಟಿದ್ದವು. ನಡುವೆ ಎರಡು ಕಣ್ಣು. ಸಂಜೆಯ ಬಿಸಿಲಿಗೆ ಜೇನು ಬೆಂಕಿಯಂತೆ ಹೊಳೆಯಿತು. ಅದು ಬಾಯಿ ತೆರೆದು ಗರ್ಜಿಸಿತು.

"ಅಪ್ಪಾ" ಎಂದಳು ಜೂನಿ ಬಲೆಯ ಹಿಂದಿನಿಂದ. "ಡ್ರ್ಯಾಗನ್."

ಹಾರ್ಲನ್ ಕೈಯಲ್ಲಿದ್ದ ಬಟ್ಟೆಯನ್ನು ಮೆಲ್ಲಗೆ ಬೆನ್ನ ಹಿಂದೆ ಮರೆಮಾಡಿದ. ಗ್ರೂಬರ್ ಎಲೆ ಬಾಚುವ ಕುಂಟೆ ಎತ್ತಿಕೊಂಡು ಹತ್ತಿರ ಬಂದರು. ಹೊಡೆಯುತ್ತಾರೇನೋ ಎಂದು ಹಾರ್ಲನ್ ಅಡ್ಡ ನಿಂತ. ಗ್ರೂಬರ್ ಅವನನ್ನು ಪಕ್ಕಕ್ಕೆ ಸರಿಸಿ, "ತಿರುಗೋ ಮರಿ" ಎಂದರು. ಓಟಿಸ್ ತಿರುಗಿದ.

"ಬೆನ್ನ ಮೇಲೆ ಖಾಲಿ ಬಿಟ್ಟಿದಾನೆ" ಎಂದು ಗ್ರೂಬರ್ ಅಸಮಾಧಾನದಿಂದ ಹೇಳಿದರು. "ಎಲೆ ಅಂದ್ರೆ ಒಂದೇ ಸಮ ಇರಬೇಕು. ಇರು, ನನ್ನ ಹತ್ರ ಅಪ್ಪಟ ಕೆಂಪಿನವು ಬೇರೆ ತೆಗೆದಿಟ್ಟಿದೀನಿ."

"ಎಲೇನ ಬಣ್ಣದ ಮೇಲೆ ಬೇರೆ ತೆಗೆದಿಡ್ತೀರಾ?"

"ನಂಗೆ ಬೇರೇನು ಕೆಲಸ ಇದೆ ಹಾರ್ಲನ್?"

ಅಲ್ಲಿಂದ ಮುಂದಿನದು ಹಾರ್ಲನ್‌ನ ಕೈಯಲ್ಲಿರಲಿಲ್ಲ. ಗ್ರೂಬರ್ ಬೆನ್ನಿಗೆ ಕೆಂಪು ಅಂಟಿಸಿದರು, ಹೊಟ್ಟೆಗೆ ಹಳದಿ ಅಂಟಿಸಿದರು. ಡ್ರ್ಯಾಗನ್ನಿನ ಹೊಟ್ಟೆ ಯಾವಾಗಲೂ ತಿಳಿಬಣ್ಣದ್ದೇ ಇರುತ್ತದೆಂದು ಕಂಡವರ ಹಾಗೆ ಹೇಳಿದರು. ಅವರ ಹೆಂಡತಿ ಮನೆಯ ಬಾಗಿಲಿಗೆ ಅಲಂಕಾರಕ್ಕೆಂದು ಕಟ್ಟಿದ್ದ ಜೋಳದ ದಂಟುಗಳನ್ನೇ ಕಿತ್ತು ತಂದು, ಹೆಣೆದು, ಅಂಟುಪಟ್ಟಿಯಿಂದ ಬಾಲ ಮಾಡಿ ಕೂರಿಸಿದರು. "ನಿಮ್ಮ ಅಲಂಕಾರ ಹಾಳಾಯ್ತಲ್ಲಮ್ಮ" ಎಂದು ಹಾರ್ಲನ್ ಅಂದರೆ, "ಬಾಗಿಲಿಗೆ ಬಾಲ ಯಾಕಪ್ಪ ಬೇಕು?" ಎಂದರು.

ಎಲೆ ಉದುರುವ ಭಯಕ್ಕೆ ಡ್ರ್ಯಾಗನ್ನನ್ನು ಕಾರಿನಲ್ಲಿ ಕೂರಿಸುವ ಹಾಗಿರಲಿಲ್ಲ. ಎಲ್ಲರೂ ನಡೆದೇ ಹೊರಟರು. ಮುಂದೆ ಗಗನಯಾತ್ರಿ, ಅವಳ ಹಿಂದೆ ಡ್ರ್ಯಾಗನ್, ಅದರ ಹಿಂದೆ ಎಲೆಯ ಚೀಲ ಹಿಡಿದು ಉದುರಿದ ಕಡೆ ತೇಪೆ ಹಚ್ಚುತ್ತ ಗ್ರೂಬರ್, ಕೊನೆಯಲ್ಲಿ ಎದೆ ಉಬ್ಬಿಸಿಕೊಂಡು ಹಾರ್ಲನ್. ದಾರಿಯುದ್ದಕ್ಕೂ ಜನ ಮನೆಯಿಂದ ಹೊರಗೆ ಬಂದು ನಿಂತರು.

ಫೈರ್ ಸ್ಟೇಷನ್ ಹಾಲಿನಲ್ಲಿ ಕೆಂಪು ಮೇಲಂಗಿಯ ಸೂಪರ್‌ಹೀರೋ ವೇಷದ ಪುಟ್ಟ ವೀರರು ಗಿಜಿಗುಡುತ್ತಿದ್ದರು. ಎಲ್ಲರದೂ ಒಂದೇ ಅಂಗಡಿಯ ಉಡುಪು. ತಾಯಂದಿರು ತಮ್ಮ ವೀರ ಯಾರೆಂದು ಬೂಟು ನೋಡಿ ಗುರುತಿಸಬೇಕಾಗಿತ್ತು. ಡೆಲ್ಬರ್ಟ್‌ನ ಮೂವರೂ ಆ ಗುಂಪಿನಲ್ಲೇ ಎಲ್ಲೋ ಇದ್ದರು. ಬಾಗಿಲಲ್ಲಿ ಡ್ರ್ಯಾಗನ್ ಕಾಣಿಸಿಕೊಂಡಾಗ ಗದ್ದಲ ನಿಂತಿತು. ಜೂನಿಯ ಕ್ಲಾಸಿನ ಹುಡುಗರು ದಾರಿ ಬಿಟ್ಟರು. ಅವರಲ್ಲೊಬ್ಬ, ದಿಂಬಿನ ದೆವ್ವ ಎಂಬ ಹೆಸರಿಟ್ಟವನೇ, "ಒಂದ್ಸಲ ಆ ಟೊಪ್ಪಿ ಮುಟ್ಲಾ?" ಎಂದು ಕೇಳಿದ. "ಆಮೇಲೆ ನೋಡೋಣ" ಎಂದಳು ಜೂನಿ.

ಡೆಲ್ಬರ್ಟ್ ಹಾರ್ಲನ್‌ನ ತೋಳು ಹಿಡಿದುಕೊಂಡ. "ಇದಾ ನೀನು ಕಾಲು ಬೆಲೆಗೆ ತಂದಿದ್ದು?"

"ಅದಕ್ಕಿಂತ ಕಮ್ಮಿ" ಎಂದ ಹಾರ್ಲನ್. ಅದು ಆ ದಿನ ಅವನು ಡೆಲ್ಬರ್ಟ್‌ಗೆ ಹೇಳಿದ ಒಂದೇ ನಿಜ.

ಸ್ಟೇಷನ್ನಿನ ಮುಖ್ಯಸ್ಥರು ಮೈಕ್ ಹಿಡಿದು ಟಟಲ್ ಮನೆಯ ಮಕ್ಕಳಿಗೆ ಮೊದಲ ಬಹುಮಾನ ಎಂದಾಗ ಚಪ್ಪಾಳೆಗೆ ಕಿಟಕಿಯ ಗಾಜು ನಡುಗಿತು. ಅದೇ ಹೊತ್ತಿಗೆ ಆಸ್ಪತ್ರೆಯ ಸಮವಸ್ತ್ರದಲ್ಲೇ ರೋಸಲಿನ್ ಓಡಿಬಂದಳು. ವೇದಿಕೆಯ ಮೇಲೆ ಮಕ್ಕಳನ್ನು ನೋಡಿ ಅವಳ ಕಣ್ಣು ತುಂಬಿತು.

"ಹಾರ್ಲನ್, ನೀನು ಮಾಡಿದ್ದಾ ಇದು?"

"ಏನೋ, ಕೈಲಾದಷ್ಟು."

"ಮತ್ತೆ ಗ್ಯಾರೇಜಲ್ಲಿ ಇಟ್ಟಿದ್ದು? ನಿಜ ಹೇಳ್ತೀನಿ, ಚಿಕ್ಕದಾಗಿರುತ್ತೆ ಅಂತ ನಂಗೆ ಭಯ ಇತ್ತು."

ಇಲ್ಲಿ ಹಾರ್ಲನ್ ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆ ಇಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು. ಆದರೆ ಪಕ್ಕದಲ್ಲಿ ಡೆಲ್ಬರ್ಟ್ ಕಿವಿಗೊಟ್ಟು ನಿಂತಿದ್ದ.

"ಚಿಕ್ಕದಾ? ಹೇಳಿ ಮಾಡಿಸಿದ ಹಾಗಿತ್ತು. ಬೆಳಿಗ್ಗೆ ಹಾಕಿ ನೋಡಿದ್ವಿ. ಆದ್ರೆ ಮನಸ್ಸು ಕೇಳ್ಲಿಲ್ಲ ರೋಸಲಿನ್. ಇಲ್ಲದವರ ಮಕ್ಕಳು ಯಾರಾದ್ರೂ ಹಾಕ್ಕೊಳ್ಳಲಿ ಅಂತ ಚರ್ಚಿಗೆ ದಾನ ಮಾಡ್ಬಿಟ್ಟೆ. ನಮ್ಮ ಮಕ್ಕಳಿಗೆ ಕೈಯಾರೆ ಮಾಡಿಕೊಟ್ರಾಯ್ತು ಅಂತ."

ರೋಸಲಿನ್ ಎಲ್ಲರೆದುರೇ ಅವನ ಕೆನ್ನೆಗೆ ಮುತ್ತಿಟ್ಟಳು. ಡೆಲ್ಬರ್ಟ್ ಟೋಪಿ ತೆಗೆದು ತಲೆ ತಗ್ಗಿಸಿದ. ಹಾರ್ಲನ್ ಟಟಲ್‌ನ ಬದುಕಿನಲ್ಲಿ ಅಷ್ಟು ಎತ್ತರದ ಗಳಿಗೆ ಹಿಂದೆ ಬಂದಿರಲಿಲ್ಲ.

ಬಹುಮಾನ ಕೊಡಲು ಮಹಿಳಾ ಮಂಡಳಿಯ ಪರವಾಗಿ ಮಿಸೆಸ್ ಹ್ಯಾಚ್ ಎದ್ದರು. ಚಿನ್ನದ ಬಣ್ಣದ ಕಾಗದ ಸುತ್ತಿ, ದೊಡ್ಡ ಗಂಟು ಹಾಕಿದ ಭಾರೀ ಪೊಟ್ಟಣ. ಇಡೀ ಹಾಲು ಕತ್ತು ಚಾಚಿತು. ಜೂನಿ ಪರ್ರನೆ ಕಾಗದ ಹರಿದಳು.

ಮೊದಲು ಒಂದು ಬಿಳಿಯ ತೋಳು ಹೊರಗೆ ಬಂತು. ಅದರ ಹಿಂದೆ ಒಂದು ಹಸಿರು ಬಾಲ.

"ಈ ವರ್ಷ ಚರ್ಚಿಗೆ ಬಂದಿದ್ದರಲ್ಲೇ ಅತಿ ಚೆನ್ನಾದ್ದು" ಎಂದರು ಮಿಸೆಸ್ ಹ್ಯಾಚ್ ಹೆಮ್ಮೆಯಿಂದ. "ಇಷ್ಟು ಚೆನ್ನಾಗಿರೋದನ್ನ ಮೇಜಿನ ಮೇಲೆ ಬಿಡೋಕೆ ಮನಸ್ಸು ಬರ್ಲಿಲ್ಲ. ಬಹುಮಾನಕ್ಕೆ ಎತ್ತಿಟ್ಟೆ. ಯಾರಿಗೆ ಬರುತ್ತೆ ಅಂತ ನಂಗೇನು ಗೊತ್ತು?"

ಜನ ಚಪ್ಪಾಳೆ ತಟ್ಟಿದರು. ಹಾರ್ಲನ್ ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟ. ಆಗ ಮುಖ್ಯಸ್ಥರು ಪುಟ್ಟ ಡ್ರ್ಯಾಗನ್ನಿನ ಮುಂದೆ ಬಗ್ಗಿ, ಮೈಕನ್ನು ಅವನ ಬಾಯಿಗೆ ಹಿಡಿದರು. "ಇಷ್ಟ ಆಯ್ತಾ ಮರಿ?"

"ಇದು ನಂದೇ" ಎಂದ ಓಟಿಸ್. ದನಿ ಹಾಲಿನ ನಾಲ್ಕೂ ಮೂಲೆಗೆ ಮುಟ್ಟಿತು. "ಬೆಳಿಗ್ಗೆ ಇದರಲ್ಲಿ ನನ್ನ ತಲೆ ಸಿಕ್ಕಾಕ್ಕೊಂಡಿತ್ತು. ಅಪ್ಪ ಬೆಣ್ಣೆ ಹಚ್ಚಿ ಎಳೆದ. ಅಮ್ಮನಿಗೆ ಹೇಳ್ಬೇಡ ಅಂದ."

ರೋಸಲಿನ್ ವೇದಿಕೆ ಹತ್ತಿ ಕೊರಳಪಟ್ಟಿ ತಿರುಗಿಸಿದಳು. ಒಳಗೆ ದಪ್ಪ ಮಸಿಯಲ್ಲಿ ಗಂಡನ ಅಕ್ಷರದಲ್ಲೇ ಮಗನ ಹೆಸರಿತ್ತು. ಅವಳು ಡ್ರ್ಯಾಗನ್ನನ್ನು ಮಗನ ಎದೆಗೆ ಹಿಡಿದು ಅಳತೆ ನೋಡಿದಳು. ಉಡುಪಿನ ಕಾಲು ಅವನ ಮೊಣಕಾಲಿಗೇ ಮುಗಿಯಿತು.

"ಹೇಳಿ ಮಾಡಿಸಿದ ಹಾಗಿದೆ" ಎಂದಳು, ಮೆಲ್ಲಗೆ. ಮೈಕ್ ಹತ್ತಿರದಲ್ಲೇ ಇತ್ತು.

ಮೊದಲು ನಕ್ಕವನು ಡೆಲ್ಬರ್ಟ್. ವರ್ಷವಿಡೀ ಕೂಡಿಟ್ಟಿದ್ದ ನಗು ಅದು, ಸುಲಭಕ್ಕೆ ಮುಗಿಯಲಿಲ್ಲ. ಕುರ್ಚಿ ಹಿಡಿದು ನಕ್ಕ, ಕುರ್ಚಿ ಬಿಟ್ಟು ನಕ್ಕ. ಹಾಲಿಗೆ ಹಾಲೇ ನಕ್ಕಿತು. ಕೊನೆಗೆ ರೋಸಲಿನ್ ಕೂಡ ನಗು ತಡೆಯಲಾಗದೆ ಡ್ರ್ಯಾಗನ್ನಿನ ಉಡುಪಿನಲ್ಲಿ ಮುಖ ಮುಚ್ಚಿಕೊಂಡಳು. ಹಾರ್ಲನ್ ಸೋತವನಂತೆ ವೇದಿಕೆಗೆ ಹೋಗಿ ಮಗನನ್ನು ಎತ್ತಿಕೊಂಡ. ಎತ್ತಿಕೊಂಡ ಮೇಲೆ ಇಳಿಸಲಾಗಲಿಲ್ಲ. ಜೇನು ಅವನ ಸ್ವೆಟರನ್ನು ಗಟ್ಟಿಯಾಗಿ ಹಿಡಿದಿತ್ತು.

"ಅಪ್ಪಾ" ಎಂದಳು ಜೂನಿ, ಅವನ ಇನ್ನೊಂದು ಕೈ ಹಿಡಿದು. "ಅವರು ನಗಲಿ ಬಿಡು. ನೀನು ಹೇಳಿದ ಹಾಗೇ ಮಾಡಿದೆ."

ಅಷ್ಟು ಸಾಕಾಗಿತ್ತು. ಹಾರ್ಲನ್‌ನ ಬೆನ್ನು ಮತ್ತೆ ನೆಟ್ಟಗಾಯಿತು. ಮಕ್ಕಳ ಮಿಠಾಯಿ ಚೀಲ ತೆಗೆದುಕೊಂಡು, ಊರಿನ ಬಾಗಿಲುಗಳನ್ನೆಲ್ಲ ತಟ್ಟಲು ಹೊರಟ. ಹೊಸ್ತಿಲಲ್ಲಿ ಮಿಸೆಸ್ ಹ್ಯಾಚ್ ಅಡ್ಡ ಬಂದರು. ಅವರ ಕೈಯಲ್ಲಿ ಬಹುಮಾನದ ಚೀಲವಿತ್ತು.

"ಇದನ್ನ ಬಿಟ್ಟು ಹೋಗ್ತಿದೀಯಲ್ಲ ಹಾರ್ಲನ್."

"ಚರ್ಚಿನ ಹತ್ರಾನೇ ಇರಲಿ ಬಿಡಿ ಮೇಡಂ."

"ಬಹುಮಾನ ವಾಪಸ್ ಕೊಡೋ ಪದ್ಧತಿ ಇಲ್ಲ." ಚೀಲವನ್ನು ಅವನ ಕೈಗೆ ಸಿಕ್ಕಿಸಿದರು. "ಆದ್ರೆ ಬೆಳಿಗ್ಗೆ ಹೇಳಿದ್ದು ನೆನಪಿದೆ ತಾನೇ? ನಿಂದು ನಿನ್ನ ಹತ್ರ ವಾಪಸ್ ಬಂದ್ರೆ ಅದೂ ತಗೊಂಡ ಲೆಕ್ಕ. ಎರಡು ತಗೊಂಡಿದೀಯ. ಮೇಜಿಗೆ ಎರಡು ಬರಬೇಕು. ಅವಸರ ಇಲ್ಲ, ನಾಳೆ ತಂದ್ರೂ ಆಯ್ತು."

ಮರುದಿನ ಬೆಳಿಗ್ಗೆ ವೇಷದ ಅಂಗಡಿಯ ಹುಡುಗಿ ಬಾಗಿಲು ಎತ್ತಿದಾಗ ಎಲ್ಲರಿಗಿಂತ ಮೊದಲು ಹಾರ್ಲನ್ ನಿಂತಿದ್ದ. ಅವನ ಸ್ವೆಟರಿನ ಬೆನ್ನಿಗೆ ಒಂದು ಅಪ್ಪಟ ಕೆಂಪು ಎಲೆ ಇನ್ನೂ ಅಂಟಿಕೊಂಡಿತ್ತು.

"ನಾನು ಹೇಳಿದ ಹಾಗೇ ಮಾಡಿದ್ರಾ ಸಾರ್?" ಎಂದಳು ಹುಡುಗಿ. "ನಿಮ್ಮನೇಲಿ ಹ್ಯಾಲೋವೀನ್ ಇವತ್ತಾ?"

"ಎರಡು ವೇಷ ಬೇಕಮ್ಮ."

"ಮಕ್ಕಳ ಅಳತೆ?"

ಹೋದ ವರ್ಷ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಹಾರ್ಲನ್ ದೊಡ್ಡದೊಂದು ನಿಟ್ಟುಸಿರು ಬಿಟ್ಟ.

"ಯಾವ ಅಳತೆ ಆದ್ರೂ ಪರವಾಗಿಲ್ಲ" ಎಂದ. "ಈ ಸಲ ನಿಜವಾಗ್ಲೂ ದಾನಕ್ಕೇ."